ಅಂಗವೂ ಅಧಿಕಾರವೂ: ಒಂದು ವಿಧಿವಾಕ್ಯದ ವಿಮರ್ಶೆ

೧

ಶಾಸನವಾಕ್ಯಗಳ ಅರ್ಥನಿಷ್ಕರ್ಷೆ ನ್ಯಾಯಾಧೀಶರ ಕೆಲಸ, ಕಾವ್ಯವಾಕ್ಯಗಳ ಅರ್ಥನಿಷ್ಕರ್ಷೆ ಸಾಹಿತ್ಯಾಭ್ಯಾಸಿಗಳ ಕೆಲಸ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಹಂಚಿಕೆ ಈಚಿನದು. ನಮ್ಮ ದೇಶದಲ್ಲಿ ವಾಕ್ಯಾರ್ಥವಿಚಾರವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಮೀಮಾಂಸಕರು ಅಗ್ರಗಣ್ಯರು. ಅವರು ಮುಖ್ಯವಾಗಿ ವಿಚಾರಿಸಿದ ವಾಕ್ಯಗಳು ವಿಧಿವಾಕ್ಯಗಳೇ ಆಗಿದ್ದುವು. ‘ಇಂಥವನು ಇಂಥ ಕರ್ಮವನ್ನು ಮಾಡತಕ್ಕದ್ದು’ ಎಂಬ ಮಾತಿನಲ್ಲಿ ಇಂಥವನು ಎಂದರೆ ಯಾರು, ಆ ಕರ್ಮದ ತಿರುಳು ಯಾವುದು, ಆ ತಿರುಳಿಗೆ ಸಹಾಯಕವಾಗಿ ಬಂದುದು ಯಾವುದು ಎಂಬ ಪ್ರಶ್ನೆಗಳನ್ನು ಅವರಷ್ಟು ಪಟ್ಟುಹಿಡಿದು ಕೇಳಿದವರು ವಿರಳ. ಅವರ ಕೆಲವು ಪರಿಭಾಷೆಗಳ ನೆರವಿನಿಂದ ನಮ್ಮ ಕಾಲದ ಒಂದು ವಿಧಿವಾಕ್ಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ವಾಕ್ಯ ಭಾರತೀಯ ವೈದ್ಯಕೀಯ ಪರಿಷತ್ತಿನದು. ಪದವಿ ಮಟ್ಟದ ವೈದ್ಯಶಿಕ್ಷಣದ ನಿಯಮಗಳಿಗೆ ೨೦೧೯ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಅಂಗವಿಕಲ ಅಭ್ಯರ್ಥಿಗಳ ಪ್ರವೇಶಕ್ಕೆ ಸಂಬಂಧಿಸಿದ ಅನುಬಂಧದಲ್ಲಿ, ಅದು ಸೇರಿತು. ಎರಡು ಕೈಗಳೂ ಊನವಿಲ್ಲದೆ ಇರಬೇಕು, ಅವುಗಳ ಸ್ಪರ್ಶಜ್ಞಾನ ಕುಂದಿರಬಾರದು, ಬಲವೂ ಚಲನೆಯೂ ಸಾಕಷ್ಟಿರಬೇಕು. ವೈದ್ಯ ವಿದ್ಯೆಗೆ ಅರ್ಹರೆನಿಸಲು ಇವು ಅವಶ್ಯಕ ಎಂಬುದು ಅದರ ತಾತ್ಪರ್ಯ. ಓದುವಾಗ ಇದರಲ್ಲಿ ಆಕ್ಷೇಪಾರ್ಹವಾದುದೇನೂ ಕಾಣುವುದಿಲ್ಲ. ವೈದ್ಯನಿಗೆ ಕೈ ಬೇಕೆಂಬುದು ಲೋಕಸಾಮಾನ್ಯವಾದ ಮಾತು. ಆದರೆ ಲೋಕಸಾಮಾನ್ಯವಾದ ಮಾತು ವಿಧಿಯಾದಾಗ ಅದರಿಂದ ಹೊರಗುಳಿಯುವವರು ಯಾರು ಎಂದು ಕೇಳುವುದು ವಿಮರ್ಶಕನ ಕರ್ತವ್ಯ. ಈ ವಾಕ್ಯದಿಂದ ಹೊರಗುಳಿದವರಲ್ಲಿ ಕೆಲವರು ಅದಕ್ಕಿಂತ ಮೊದಲೇ, ತಮ್ಮ ಹುಟ್ಟಿನ ಕಾರಣದಿಂದ, ವಿದ್ಯೆಯ ಬಾಗಿಲಲ್ಲಿ ತಡೆಯಲ್ಪಟ್ಟ ಸಮುದಾಯಗಳಿಗೆ ಸೇರಿದವರು. ದೇಹವೂ ಹುಟ್ಟೂ ಒಟ್ಟಿಗೆ ತಡೆಯಾಗಿ ನಿಂತ ಅಂಥ ವಿದ್ಯಾರ್ಥಿಯೇ ಈ ಬರಹದ ವಿಷಯ. ವೈದ್ಯ ವಿದ್ಯೆಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದರೂ ಇಲ್ಲಿ ಹೇಳುವುದು ಪ್ರಯೋಗವನ್ನು ಅವಲಂಬಿಸಿದ ಎಲ್ಲ ವಿಜ್ಞಾನ ವಿದ್ಯೆಗೂ ತಂತ್ರವಿದ್ಯೆಗೂ ಸಲ್ಲುತ್ತದೆ.

ಬಳಸುವ ಪದದ ಬಗ್ಗೆ ಒಂದು ಮಾತು. ನಮ್ಮ ಸರ್ಕಾರಿ ಕಾಗದಪತ್ರಗಳಲ್ಲಿ ‘ವಿಕಲಚೇತನ’ ಎಂಬ ಶಬ್ದ ರೂಢಿಯಲ್ಲಿದೆ. ಗೌರವಾರ್ಥವಾಗಿ ಹುಟ್ಟಿದ ಶಬ್ದವೇ ಸರಿ; ಆದರೆ ಅದರ ಅವಯವಾರ್ಥವನ್ನು ನೋಡಿದರೆ ಊನವನ್ನು ಅಂಗದಿಂದ ಎತ್ತಿ ಚೇತನದ ಮೇಲೆ ಹಾಕಿದಂತಾಗಿದೆ. ಆದಕಾರಣ ಇಲ್ಲಿ ‘ಅಂಗವಿಕಲ’ ಎಂಬ ಹಳೆಯ ಶಬ್ದವನ್ನೇ ಇಟ್ಟುಕೊಂಡಿದೆ. ಮೀಮಾಂಸೆಯಲ್ಲಿ ‘ಅಂಗ’ಕ್ಕೆ ಇರುವ ಮತ್ತೊಂದು ಅರ್ಥವೂ ಮುಂದಿನ ವಿಚಾರಕ್ಕೆ ಉಪಯುಕ್ತವಾಗಿದೆ.

೨

‘ಅಧಿಕಾರ’ ಎಂದರೆ ಇಂದಿನ ಕನ್ನಡದಲ್ಲಿ ಆಳುವ ಶಕ್ತಿ. ಶಾಸ್ತ್ರದಲ್ಲಿ ಅದರ ಅರ್ಥ ಬೇರೆ: ಒಂದು ಕರ್ಮವನ್ನು ಮಾಡಿ ಅದರ ಫಲವನ್ನು ಪಡೆಯುವ ಅರ್ಹತೆಗೆ ಅಲ್ಲಿ ಅಧಿಕಾರವೆಂದು ಹೆಸರು. ಜೈಮಿನಿಯ ಪೂರ್ವಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯವೆಲ್ಲ ಈ ಅಧಿಕಾರದ ವಿಚಾರ. ಅರ್ಥಿತ್ವ, ಸಾಮರ್ಥ್ಯ, ವಿದ್ವತ್ತೆ, ಶಾಸ್ತ್ರದಿಂದ ನಿಷೇಧವಿಲ್ಲದಿರುವಿಕೆ ಎಂದು ಅಧಿಕಾರಿಯ ಲಕ್ಷಣಗಳನ್ನು ಸಂಪ್ರದಾಯ ಎಣಿಸುತ್ತದೆ. ಅಂದರೆ ಫಲ ಬೇಕೆಂಬ ಬಯಕೆ, ಮಾಡುವ ಶಕ್ತಿ, ಮಾಡುವ ಬಗೆಯ ತಿಳಿವು ಇವು ಮೂರೂ ಇದ್ದು, ಜೊತೆಗೆ ಶಾಸ್ತ್ರವು ಅವನನ್ನು ಹೊರಗಿಟ್ಟಿರಬಾರದು.

ಈ ಅಧ್ಯಾಯದ ಮೊದಲನೆಯ ಪಾದದಲ್ಲಿ ವಿಚಾರಕ್ಕೆ ಬರುವ ವ್ಯಕ್ತಿಗಳ ಸಾಲು ಗಮನಾರ್ಹವಾದದ್ದು. ಸ್ತ್ರೀಗೆ ಅಧಿಕಾರವುಂಟೆ, ಶೂದ್ರನಿಗೆ ಉಂಟೆ, ದ್ರವ್ಯವಿಲ್ಲದ ಬಡವನಿಗೆ ಉಂಟೆ, ಅಂಗಹೀನನಿಗೆ ಉಂಟೆ ಎಂದು ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ನಮ್ಮ ಕಾಲದ ಮೀಸಲಾತಿಯ ಪಟ್ಟಿಯಲ್ಲಿ ಕಾಣುವ ವರ್ಗಗಳೇ ಬಹುಮಟ್ಟಿಗೆ ಅಲ್ಲಿಯೂ ಇವೆ. ಅಲ್ಲಿ ಪ್ರಶ್ನೆ ಒಳಗೆ ಬಿಡಬಹುದೇ ಎಂಬುದು, ಇಲ್ಲಿ ಒಳಗೆ ಬಿಡುವುದು ಹೇಗೆ ಎಂಬುದು. ಉತ್ತರಗಳು ಒಂದೇ ಬಗೆಯವಲ್ಲ. ಸ್ತ್ರೀಗೆ ಪತಿಯೊಡನೆ ಅಧಿಕಾರವುಂಟೆಂದು ಜೈಮಿನಿ ಪೂರ್ವಪಕ್ಷವನ್ನು ಖಂಡಿಸಿ ಹೇಳುತ್ತಾನೆ. ಬಡವನಿಗೂ ಉಂಟು, ಏಕೆಂದರೆ ದ್ರವ್ಯವನ್ನು ಸಂಪಾದಿಸಿಕೊಳ್ಳಬಹುದು, ಬಡತನ ನಿತ್ಯವಾದುದಲ್ಲ. ಅಂಗಹೀನನ ವಿಷಯದಲ್ಲಿ ನಿರ್ಣಯ ಎರಡಾಗಿ ಒಡೆಯುತ್ತದೆ. ಊನ ಚಿಕಿತ್ಸೆಯಿಂದ ನೀಗುವಂಥದಾದರೆ ಅವನು ಬಡವನಂತೆಯೇ ಅಧಿಕಾರಿ, ನೀಗದಂಥದಾದರೆ ಅಲ್ಲ. ಕುರುಡನು ಆಜ್ಯವನ್ನು ಕಣ್ಣಿಟ್ಟು ನೋಡಲಾರ, ಕುಂಟನು ವಿಷ್ಣುಕ್ರಮಗಳನ್ನು ನಡೆಯಲಾರ, ಕಿವುಡನು ಅಧ್ವರ್ಯುವಿನ ಮಾತನ್ನು ಕೇಳಲಾರ ಎಂದು ಭಾಷ್ಯಪರಂಪರೆ ಕಾರಣ ಕೊಡುತ್ತದೆ.

ಶೂದ್ರನ ವಿಚಾರ ಇವೆಲ್ಲಕ್ಕಿಂತ ಭಿನ್ನ. ಅವನಲ್ಲಿ ಬಯಕೆಯುಂಟು, ದೇಹದಲ್ಲಿ ಶಕ್ತಿಯುಂಟು. ಫಲವನ್ನು ಬಯಸುವವರೆಲ್ಲರಿಗೂ ವಿಧಿ ಸಮಾನವಾದ್ದರಿಂದ ಎಲ್ಲರಿಗೂ ಅಧಿಕಾರವಿರಬೇಕೆಂದು ಬಾದರಿ ಎಂಬ ಆಚಾರ್ಯನು ವಾದಿಸಿದನೆಂದು ಸೂತ್ರಕಾರನೇ ಹೇಳಿ, ಆ ಪಕ್ಷವನ್ನು ತಳ್ಳಿಹಾಕುತ್ತಾನೆ. ಉಪನಯನವಿಲ್ಲ, ಆದ್ದರಿಂದ ಅಧ್ಯಯನವಿಲ್ಲ, ಆದ್ದರಿಂದ ವಿದ್ವತ್ತೆಯಿಲ್ಲ, ಆದ್ದರಿಂದ ಅಧಿಕಾರವಿಲ್ಲ ಎಂಬುದು ವಾದದ ಸರಣಿ. ಕಲಿಯಗೊಡದೆ, ಕಲಿತಿಲ್ಲವೆಂಬುದನ್ನೇ ಅನರ್ಹತೆಗೆ ಹೇತುವಾಗಿ ತೋರಿಸುವ ಈ ಸರಣಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದು ಮುಂದೆ ಬೇರೆ ವೇಷದಲ್ಲಿ ಬರಲಿದೆ.

ಇಲ್ಲಿ ಎರಡು ಬಗೆಯ ಬಹಿಷ್ಕಾರಗಳಿವೆ. ಒಂದು ಸಾಮರ್ಥ್ಯದ ಹೆಸರಿನಲ್ಲಿ ದೇಹವನ್ನು ನೋಡಿ ಮಾಡಿದ್ದು, ಇನ್ನೊಂದು ಸಾಮರ್ಥ್ಯವಿದ್ದರೂ ಹುಟ್ಟನ್ನು ನೋಡಿ ಮಾಡಿದ್ದು. ನಮ್ಮ ಕಾಲದ ನಿಯಮಕರ್ತರು ಮೀಮಾಂಸೆಯನ್ನು ಓದಿ ನಿಯಮ ಬರೆದರೆಂದು ನಾನು ಹೇಳುತ್ತಿಲ್ಲ. ಒಂದು ಸಮಾಜದ ಹಳೆಯ ಶಾಸ್ತ್ರದಲ್ಲಿ ಸ್ಫುಟವಾಗಿ ಬರೆದಿಟ್ಟ ವಿಚಾರಕ್ರಮ, ಆ ಶಾಸ್ತ್ರವನ್ನು ಕಾಣದವರ ಬುದ್ಧಿಯಲ್ಲಿಯೂ ಉಳಿದುಬರಬಹುದು ಎಂದಷ್ಟೇ ಅಭಿಪ್ರಾಯ.

೩

ಮೊದಲನೆಯ ಪಾದದಲ್ಲಿ ನಿಂತರೆ ಮೀಮಾಂಸೆ ಬಾಗಿಲು ಹಾಕುವ ಶಾಸ್ತ್ರವೆಂದೇ ತೋರುತ್ತದೆ. ಅದೇ ಅಧ್ಯಾಯದ ಮೂರನೆಯ ಪಾದಕ್ಕೆ ಬಂದರೆ ಬೇರೊಂದು ಮುಖ ಕಾಣುತ್ತದೆ.

ಪ್ರತಿಯೊಂದು ಕರ್ಮದಲ್ಲಿಯೂ ಪ್ರಧಾನವೆಂಬುದು ಒಂದು, ಅದಕ್ಕೆ ಉಪಕಾರಕಗಳಾದ ಅಂಗಗಳು ಹಲವು. ದೇಹದ ಅವಯವಕ್ಕೂ ಕರ್ಮದ ಉಪಕರಣಭಾಗಕ್ಕೂ ‘ಅಂಗ’ವೆಂಬ ಒಂದೇ ಹೆಸರು. ಎಲ್ಲ ಅಂಗಗಳನ್ನೂ ಮಾಡಲಾರದವನು ಕರ್ಮವನ್ನು ಮಾಡಬಹುದೇ ಎಂಬ ಪ್ರಶ್ನೆಗೆ ಮೂರನೆಯ ಪಾದ ವಿವೇಚನೆಯಿಂದ ಉತ್ತರಿಸುತ್ತದೆ. ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮವನ್ನು ಸಕಲಾಂಗಸಹಿತವಾಗಿಯೇ ಮಾಡಬೇಕು. ಆದರೆ ಮಾಡದಿದ್ದರೆ ದೋಷವುಂಟಾಗುವ ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಅಂಗಗಳೊಡನೆ ಮಾಡಬಹುದು. ಪ್ರಧಾನ ನಡೆದರೆ ಕರ್ಮ ನಡೆದಂತೆಯೇ. ಇದಕ್ಕೆ ಯಥಾಶಕ್ತಿನ್ಯಾಯವೆಂದು ಹೆಸರು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಮಾಧವಾಚಾರ್ಯರು ಜೈಮಿನೀಯನ್ಯಾಯಮಾಲೆಯಲ್ಲಿ ಇಂಥ ಅಧಿಕರಣಗಳನ್ನೆಲ್ಲ ಸಂಗ್ರಹಿಸಿಕೊಟ್ಟಿರುವುದರಿಂದ ನಮ್ಮ ನಾಡಿನ ಪಂಡಿತಪರಂಪರೆಗೆ ಇದು ಹೊಸ ವಿಷಯವಲ್ಲ. ಈ ನ್ಯಾಯವನ್ನು ಮೊದಲನೆಯ ಪಾದದ ಅಂಗಹೀನನಿಗೆ ಎಷ್ಟರಮಟ್ಟಿಗೆ ಅನ್ವಯಿಸಬೇಕೆಂಬುದು ವ್ಯಾಖ್ಯಾನಕಾರರ ಚರ್ಚೆಗೆ ಸೇರಿದ್ದು. ನಮಗೆ ಬೇಕಾದದ್ದು ನ್ಯಾಯದ ಸ್ವರೂಪ.

ಅದೇ ಪಾದದಲ್ಲಿ ಪ್ರತಿನಿಧಿಯ ವಿಚಾರವೂ ಬರುತ್ತದೆ. ಹೇಳಿದ ದ್ರವ್ಯ ಸಿಕ್ಕದಿದ್ದರೆ ಅದಕ್ಕೆ ಸದೃಶವಾದ ಬೇರೆ ದ್ರವ್ಯವನ್ನು ಬಳಸಬಹುದು. ವ್ರೀಹಿ ಇಲ್ಲದೆಡೆ ನೀವಾರವನ್ನು ತೆಗೆದುಕೊಂಡರೆ ಯಾಗ ಕೆಡುವುದಿಲ್ಲ. ಆದರೆ ಎಲ್ಲಕ್ಕೂ ಪ್ರತಿನಿಧಿಯಿಲ್ಲ. ದೇವತೆಗೆ, ಮಂತ್ರಕ್ಕೆ, ಅಗ್ನಿಗೆ, ಕ್ರಿಯೆಗೆ ಬದಲಿಲ್ಲ. ಫಲಭಾಗಿಯಾದ ಯಜಮಾನನಿಗೂ ಬದಲಿಲ್ಲ. ಅದೇ ವೇಳೆಗೆ ಯಜಮಾನನು ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಬೇಕೆಂದೂ ಇಲ್ಲ. ಋತ್ವಿಜರು ಮಾಡಿದರೂ ಕರ್ತೃತ್ವ ಅವನದೇ. ಯಾವುದಕ್ಕೆ ಬದಲಿ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂದು ಬಿಡಿಬಿಡಿಯಾಗಿ ವಿಚಾರಿಸುವ ಈ ತಾಳ್ಮೆಯೇ ಮೀಮಾಂಸೆಯ ಹಿರಿಮೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ೨೦೧೬ರ ಅಧಿನಿಯಮದಲ್ಲಿ ಯುಕ್ತವಾದ ಅನುಕೂಲ ಕಲ್ಪಿಸಬೇಕೆಂದು ಹೇಳಿರುವುದು ತತ್ತ್ವತಃ ಇದೇ ವಿಚಾರ. ಅನುಕೂಲವೆಂದರೆ ಕರ್ಮವನ್ನು ಬಿಡಿಸುವುದಲ್ಲ, ಅಂಗವನ್ನು ಬದಲಿಸಿ ಪ್ರಧಾನವನ್ನು ನಡೆಯಗೊಡುವುದು.

೪

ಈಗ ೨೦೧೯ರ ವಿಧಿವಾಕ್ಯಕ್ಕೆ ಹಿಂದಿರುಗೋಣ. ವೈದ್ಯ ವಿದ್ಯೆಯಲ್ಲಿ ಪ್ರಧಾನ ಯಾವುದು? ರೋಗವನ್ನು ಅರಿಯುವುದು, ಚಿಕಿತ್ಸೆಯನ್ನು ನಿರ್ಣಯಿಸುವುದು, ಅದನ್ನು ನಡೆಯಿಸುವುದು. ಕೈ ಈ ಕೆಲಸಗಳಲ್ಲಿ ಹಲವಕ್ಕೆ ಅಂಗ. ವಾಕ್ಯವು ಮಾತ್ರ ಕೈಯಿಂದ ಏನಾಗಬೇಕೆಂದು ಹೇಳದೆ ಕೈ ಹೇಗಿರಬೇಕೆಂದು ಹೇಳಿತು. ನಾಡಿಯನ್ನು ಹಿಡಿದು ನೋಡಬಲ್ಲನೆ, ಸೂಜಿಮದ್ದು ಕೊಡಬಲ್ಲನೆ, ಹೊಟ್ಟೆಯನ್ನು ಒತ್ತಿ ಗಡ್ಡೆಯನ್ನು ಗುರುತಿಸಬಲ್ಲನೆ ಎಂದು ಕೇಳಿದ್ದರೆ ಅದು ಸಾಮರ್ಥ್ಯದ ಪ್ರಶ್ನೆಯಾಗುತ್ತಿತ್ತು. ಎರಡು ಕೈಗಳೂ ಊನವಿಲ್ಲದೆ ಇವೆಯೆ ಎಂದು ಕೇಳಿದ್ದರಿಂದ ಅದು ಆಕಾರದ ಪ್ರಶ್ನೆಯಾಯಿತು. ಕ್ರಿಯಾಪದವಿರಬೇಕಾದ ಕಡೆ ವಿಶೇಷಣವನ್ನು ಇಟ್ಟದ್ದು ಈ ವಾಕ್ಯದ ಮೂಲದೋಷ. ಎರಡನೆಯ ದೋಷ, ನಿತ್ಯ-ಕಾಮ್ಯಗಳ ವಿವೇಚನೆಯಿಲ್ಲದಿರುವುದು. ವೈದ್ಯಪದವಿ ಅಭ್ಯರ್ಥಿಯ ದೃಷ್ಟಿಯಿಂದ ಕಾಮ್ಯವಾಗಿ ಕಾಣಬಹುದು. ಆದರೆ ಅಧಿನಿಯಮವು ಸರ್ಕಾರದ ಹಾಗೂ ಸರ್ಕಾರದ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇಕಡ ೫ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು, ಶೇಕಡ ೪೦ ಅಥವಾ ಅದಕ್ಕೆ ಮೇಲ್ಪಟ್ಟ ಊನವುಳ್ಳವರಿಗೆ ಕಾದಿರಿಸಬೇಕೆಂದು ವಿಧಿಸಿದ ಮೇಲೆ, ಒಳಗೆ ಬಿಡುವುದು ಸಂಸ್ಥೆಗೆ ನಿತ್ಯಕರ್ಮವಾಯಿತು; ಬಿಡದಿದ್ದರೆ ದೋಷ ಸಂಸ್ಥೆಯದು. ಹೀಗಿರಲು ಸಕಲಾಂಗಪೂರ್ಣತೆಯನ್ನು ಬೇಡುವ ಕಾಮ್ಯಕರ್ಮದ ನಿಯಮವನ್ನು ಅಂಗವಿಕಲರಿಗೆಂದೇ ಮೀಸಲಾದ ಸ್ಥಾನದ ಬಾಗಿಲಿಗೆ ತೂಗುಹಾಕಿದ್ದು ವದತೋವ್ಯಾಘಾತ. ಅಂಗವಿಕಲನಾಗಿದ್ದರೆ ಬಾ, ಆದರೆ ಅಂಗದಲ್ಲಿ ಊನವಿರದಿದ್ದರೆ ಮಾತ್ರ ಎಂದಂತಾಯಿತು.

ಸರ್ವೋಚ್ಚ ನ್ಯಾಯಾಲಯ ಈ ಸಮಸ್ಯೆಯನ್ನು ಹಂತಹಂತವಾಗಿ ಬಿಡಿಸಿತು. ೨೦೨೪ರ ಅಕ್ಟೋಬರಿನಲ್ಲಿ, ಇತರ ಹಿಂದುಳಿದ ವರ್ಗಕ್ಕೆ ಸೇರಿದ, ಮಾತಿನಲ್ಲಿ ತೊಡಕುಳ್ಳ ಅಭ್ಯರ್ಥಿಯೊಬ್ಬನ ಮೊಕದ್ದಮೆಯಲ್ಲಿ, ಊನದ ಶೇಕಡ ಪ್ರಮಾಣವೊಂದನ್ನೇ ನೋಡಿ ಅನರ್ಹನೆಂದು ಹೇಳಕೂಡದು, ಅವನು ವ್ಯಾಸಂಗ ಮಾಡಬಲ್ಲನೇ ಎಂಬುದನ್ನು ವೈದ್ಯಮಂಡಲಿ ಪರೀಕ್ಷಿಸಿ ಹೇಳಬೇಕೆಂದು ತೀರ್ಪಾಯಿತು. ೨೦೨೫ರ ಫೆಬ್ರುವರಿಯಲ್ಲಿ ಎರಡು ಕೈಗಳ ವಾಕ್ಯವೇ ನೇರವಾಗಿ ವಿಚಾರಣೆಗೆ ಬಂದಿತು. ಮಂಡಲಿಯ ಆರು ಮಂದಿಯಲ್ಲಿ ಐವರು ಅಭ್ಯರ್ಥಿ ಅನರ್ಹನೆಂದರು; ಆರನೆಯವರಾದ ಡಾ. ಸತೇಂದ್ರ ಸಿಂಗ್ ಅವರು ಸಹಾಯಕ ಸಾಧನಗಳ ನೆರವಿನಿಂದ ಅವನು ವ್ಯಾಸಂಗ ಮಾಡಬಲ್ಲನೆಂದು ಪ್ರತ್ಯೇಕ ವರದಿ ಬರೆದರು. ನ್ಯಾಯಾಲಯ ಆರನೆಯವರ ಮಾತನ್ನು ಹಿಡಿದು, ಎರಡು ಕೈಗಳ ನಿಯಮಕ್ಕೆ ಯಾವ ಪಾವಿತ್ರ್ಯವೂ ಇಲ್ಲ, ಅದು ಸಂವಿಧಾನದ ೪೧ನೆಯ ಅನುಚ್ಛೇದಕ್ಕೂ ೨೦೧೬ರ ಅಧಿನಿಯಮಕ್ಕೂ ವಿರುದ್ಧವೆಂದು ಹೇಳಿತು.

ಅದೇ ವರ್ಷದ ಮೇ ತಿಂಗಳಿನ ತೀರ್ಪು ನಮ್ಮ ವಿಚಾರಕ್ಕೆ ಇನ್ನೂ ಹತ್ತಿರದ್ದು. ಇಲ್ಲಿಯ ಅಭ್ಯರ್ಥಿ ಪರಿಶಿಷ್ಟ ಜಾತಿಗೆ ಸೇರಿದವನು. ಎರಡು ಕೈಗಳಲ್ಲಿಯೂ ಹುಟ್ಟಿನಿಂದ ಹಲವು ಬೆರಳುಗಳಿಲ್ಲ. ಪ್ರವೇಶಪರೀಕ್ಷೆಯಲ್ಲಿ ಅವನು ೭೨೦ಕ್ಕೆ ೫೪೨ ಅಂಕಗಳನ್ನು ಪಡೆದಿದ್ದನು. ಉಚ್ಚ ನ್ಯಾಯಾಲಯದಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಅವನ ಕಾರ್ಯಸಾಮರ್ಥ್ಯವನ್ನು ಹೊಸದಾಗಿ ಪರೀಕ್ಷಿಸಲು ಆಜ್ಞೆಯಾಯಿತು. ಪರೀಕ್ಷೆಯಲ್ಲಿ ಅವನು ಕೊಟ್ಟ ಕೆಲಸಗಳನ್ನು ಮಾಡಿ ತೋರಿಸಿದನು. ವರದಿಯಲ್ಲಿ ಉಳಿದ ಒಂದು ಚಿಕ್ಕ ಆಕ್ಷೇಪಣೆ, ಸಾಮಾನ್ಯ ಅಳತೆಯ ಶುದ್ಧೀಕರಿಸಿದ ಕೈಗವಸನ್ನು ಹಾಕಿಕೊಳ್ಳುವಾಗ ಅವನಿಗೆ ತೊಂದರೆಯಾಯಿತೆಂಬುದು. ಇದು ಪ್ರವೇಶವನ್ನು ನಿರಾಕರಿಸಲು ತಕ್ಕ ಕಾರಣವಲ್ಲವೆಂದು ನ್ಯಾಯಾಲಯ ಹೇಳಿ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಅವನಿಗೆ ಸ್ಥಾನ ಕೊಡಬೇಕೆಂದೂ, ರಾಷ್ಟ್ರೀಯ ವೈದ್ಯಕೀಯ ಆಯೋಗ ತನ್ನ ಮಾರ್ಗಸೂಚಿಗಳನ್ನು ಪರಿಷ್ಕರಿಸಬೇಕೆಂದೂ ಆಜ್ಞಾಪಿಸಿತು.

ಈ ಕೈಗವಸಿನ ಮಾತನ್ನು ಸುಮ್ಮನೆ ದಾಟಿ ಹೋಗಬಾರದು. ಚಿಕಿತ್ಸೆ ಪ್ರಧಾನ, ಕೈ ಅದಕ್ಕೆ ಅಂಗ, ಕೈಗವಸು ಆ ಅಂಗಕ್ಕೆ ಅಂಗ. ಅಂಗಾಂಗದ ಅಳತೆ ಹೊಂದಲಿಲ್ಲವೆಂಬ ಕಾರಣದಿಂದ ಪ್ರಧಾನವನ್ನೇ ಕೈಬಿಡಲು ಸಿದ್ಧವಾಗುವ ಬುದ್ಧಿಯನ್ನು ಶಬರಸ್ವಾಮಿಯೂ ಒಪ್ಪುತ್ತಿರಲಿಲ್ಲ. ವ್ರೀಹಿ ಸಿಕ್ಕದಿದ್ದರೆ ನೀವಾರ. ಈ ಅಳತೆಯ ಗವಸು ಹೊಂದದಿದ್ದರೆ ಆ ಅಳತೆಯದನ್ನು ಹೊಲಿಸಬಹುದು. ಕೈಗೆ ಗವಸನ್ನು ಹೊಂದಿಸುವ ಬದಲು ಗವಸಿಗೆ ಕೈಯನ್ನು ಹೊಂದಿಸಹೊರಟದ್ದು ಮಂಡಲಿಯೊಂದರ ಅವಿವೇಕವಲ್ಲ. ವಿಧಿವಾಕ್ಯದಲ್ಲಿದ್ದ ದೋಷ ಪರೀಕ್ಷಕರ ಕಣ್ಣಿಗೂ ಇಳಿದುದರ ಫಲ.

ರೋಗಿಯ ಕ್ಷೇಮವೇ ಮುಖ್ಯವಲ್ಲವೇ ಎಂದು ಇಲ್ಲಿ ಒಂದು ಪೂರ್ವಪಕ್ಷ ಬರಬಹುದು. ಬರಲೇಬೇಕು, ಅದು ಅಲ್ಪವಾದ ಆಕ್ಷೇಪವಲ್ಲ. ಶಸ್ತ್ರಚಿಕಿತ್ಸೆಯಂಥ ಕೆಲವು ಕೆಲಸಗಳಲ್ಲಿ ಕೆಲವರಿಗೆ ನಿಜವಾಗಿಯೂ ಶಕ್ತಿ ಸಾಲದಿರಬಹುದು. ಆದರೆ ವೈದ್ಯರಾದವರೆಲ್ಲ ಶಸ್ತ್ರಚಿಕಿತ್ಸಕರಾಗುವುದಿಲ್ಲ. ಎಂಟನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಗಾಲಿಕುರ್ಚಿ ಹಿಡಿದ ಡಾ. ಸುರೇಶ್ ಅಡ್ವಾಣಿ ಅವರಿಗೆ ವೈದ್ಯಕೀಯ ಕಾಲೇಜಿನಲ್ಲಿ ಮೊದಲು ಪ್ರವೇಶ ನಿರಾಕರಿಸಲಾಗಿತ್ತು. ಅವರೇ ಮುಂದೆ ಕ್ಯಾನ್ಸರ್ ತಜ್ಞರಾಗಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೧೯೮೦ರ ದಶಕದಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ಈ ದೇಶದಲ್ಲಿ ನೆಲೆಗೊಳಿಸಿದವರಲ್ಲಿ ಮೊದಲಿಗರಾದರು. ೨೦೧೨ರಲ್ಲಿ ಅವರಿಗೆ ಪದ್ಮಭೂಷಣ ಬಂದಿತು. ಬಾಗಿಲಲ್ಲಿ ದೇಹವನ್ನು ಅಳೆದವರ ನಿರ್ಣಯ ನಿಂತಿದ್ದರೆ ಹಾನಿಯಾಗುತ್ತಿದ್ದುದು ಅವರೊಬ್ಬರಿಗಲ್ಲ, ಮುಂದೆ ಅವರಿಂದ ಗುಣ ಹೊಂದಿದ ರೋಗಿಗಳಿಗೆ. ಆದ್ದರಿಂದ ರೋಗಿಯ ಕ್ಷೇಮವೆಂಬ ಹೇತು ಪ್ರತಿಯೊಬ್ಬನ ಕಾರ್ಯಸಾಮರ್ಥ್ಯವನ್ನು ಪರೀಕ್ಷಿಸಬೇಕೆಂಬುದನ್ನು ಸಾಧಿಸುತ್ತದೆಯೇ ಹೊರತು, ಪರೀಕ್ಷಿಸದೆಯೇ ಹೊರಗಿಡಬೇಕೆಂಬುದನ್ನಲ್ಲ.

೫

ಇದುವರೆಗಿನ ವಿಚಾರ ದೇಹಕ್ಕೆ ಸಂಬಂಧಿಸಿದ್ದು. ಹುಟ್ಟು ಅದರೊಡನೆ ಸೇರಿದಾಗ ತೊಡಕು ಎರಡರಷ್ಟಾಗುವುದಲ್ಲದೆ ಅದರ ಜಾತಿಯೇ ಬದಲಾಗುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ ೨.೬೮ ಕೋಟಿ, ಜನಸಂಖ್ಯೆಯ ಶೇಕಡ ೨.೨೧. ಪರಿಶಿಷ್ಟ ಜಾತಿಗಳಲ್ಲಿ ಈ ಪ್ರಮಾಣ ಶೇಕಡ ೨.೪೫. ಬಡತನ, ಅಪೌಷ್ಟಿಕತೆ, ಅಪಾಯದ ದುಡಿಮೆ, ಸಕಾಲದ ಚಿಕಿತ್ಸೆಯ ಅಭಾವ ಇವು ಅಂಗವೈಕಲ್ಯವನ್ನು ಹೆಚ್ಚಿಸತಕ್ಕವು. ಅವು ಎಲ್ಲರ ಮನೆಯಲ್ಲಿಯೂ ಸಮನಾಗಿಲ್ಲ. ಜೈಮಿನಿ ಬೇರೆಬೇರೆ ಅಧಿಕರಣಗಳಲ್ಲಿ ವಿಚಾರಿಸಿದ ಶೂದ್ರ, ದರಿದ್ರ, ಅಂಗಹೀನ ಎಂಬ ಮೂವರೂ ಲೋಕದಲ್ಲಿ ಅನೇಕ ವೇಳೆ ಒಬ್ಬನೇ ಮನುಷ್ಯ.

ನಮ್ಮ ಮೀಸಲಾತಿಯೂ ಅವನನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ೧೯೯೨ರ ಇಂದ್ರಾ ಸಾಹನಿ ತೀರ್ಪಿನಿಂದ ನೆಲೆಗೊಂಡ ಪರಿಭಾಷೆಯಂತೆ ಜಾತಿವರ್ಗಗಳ ಮೀಸಲಾತಿ ನೆಟ್ಟಗೆ ನಿಂತದ್ದು, ಅಂಗವಿಕಲರದು ಅದನ್ನು ಅಡ್ಡಲಾಗಿ ಹಾದುಹೋಗುವಂಥದು. ಎರಡು ಗೆರೆಗಳೂ ಕೂಡುವ ಮನೆಯಲ್ಲಿ ನಮ್ಮ ವಿದ್ಯಾರ್ಥಿ ನಿಂತಿದ್ದಾನೆ. ನೂರು ಸ್ಥಾನಗಳಿರುವ ಒಂದು ಕೇಂದ್ರ ಸಂಸ್ಥೆಯಲ್ಲಿ ಪರಿಶಿಷ್ಟ ಜಾತಿಗೆ ೧೫ ಸ್ಥಾನ. ಅದರ ಶೇಕಡ ೫ ಎಂದರೆ ಮುಕ್ಕಾಲು ಸ್ಥಾನ. ಪರಿಶಿಷ್ಟ ಪಂಗಡಕ್ಕೆ ಏಳೂವರೆ. ಅದರ ಶೇಕಡ ೫ ಅರ್ಧಕ್ಕೂ ಕಡಿಮೆ. ಮುಕ್ಕಾಲು ವಿದ್ಯಾರ್ಥಿ ಎಂಬವನು ಎಲ್ಲಿಯೂ ಇಲ್ಲ. ಗಣಿತದ ಈ ಶೇಷ ಅವನ ಕಡೆಗೆ ಉರುಳುವುದೋ ಅವನಿಂದ ಆಚೆಗೆ ಉರುಳುವುದೋ ಎಂಬುದು ಸಂಸ್ಥೆಯ ಸದ್ಭಾವವನ್ನು ಅವಲಂಬಿಸಿರುತ್ತದೆ. ಮೀಸಲಾತಿಯ ನೆಟ್ಟಗೆರೆಯಲ್ಲಿ ಹೆಸರಿಲ್ಲದ ಅಲ್ಪಸಂಖ್ಯಾತ ಸಮುದಾಯಗಳ ಬಡ ಅಂಗವಿಕಲರಿಗಂತೂ ಅಡ್ಡಗೆರೆಯೊಂದೇ ಆಶ್ರಯ. ಮುಸಲ್ಮಾನರಲ್ಲಿ ಪದವೀಧರರ ಪ್ರಮಾಣ ಒಟ್ಟು ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಕಡಿಮೆಯೆಂದು ಸಾಚಾರ್ ಸಮಿತಿ ೨೦೦೬ರಲ್ಲಿ ತೋರಿಸಿತ್ತು. ಪ್ರೌಢಶಾಲೆಯನ್ನು ದಾಟುವವರೇ ಕಡಿಮೆಯಾದ ಕಡೆ, ಕಣ್ಣು ಕಾಣದ ಹುಡುಗಿಯೊಬ್ಬಳು ಭೌತವಿಜ್ಞಾನದ ಪ್ರಯೋಗಶಾಲೆಯವರೆಗೆ ಬರುವುದು ಎಷ್ಟು ದೂರದ ಪ್ರಯಾಣವೆಂಬುದನ್ನು ಊಹಿಸಬಹುದು.

ಒಳಗೆ ಬಂದ ಬಳಿಕವೂ ಪ್ರಯಾಣ ಮುಗಿಯುವುದಿಲ್ಲ. ಮೇಲೆ ಹೇಳಿದ ದೆಹಲಿಯ ಸಂಸ್ಥೆಯಲ್ಲಿಯೇ ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳ ಸ್ಥಿತಿಯನ್ನು ವಿಚಾರಿಸಿದ ಥೋರಟ್ ಸಮಿತಿ, ಅಧ್ಯಾಪಕರು ತಮ್ಮನ್ನು ದೂರವಿಡುತ್ತಾರೆ, ಬೇಕಾದ ನೆರವು ಕೊಡುವು‌ದಿಲ್ಲ ಎಂದು ಆ ವಿದ್ಯಾರ್ಥಿಗಳು ಹೇಳಿದ್ದನ್ನು ೨೦೦೭ರಲ್ಲಿ ವರದಿ ಮಾಡಿತು. ಅಂಗವಿಕಲ ವಿದ್ಯಾರ್ಥಿಗೆ ಬೇಕಾದ ಅನುಕೂಲಗಳೆಲ್ಲ ಸಹಪಾಠಿಯ ತೋಳು, ಅಧ್ಯಾಪಕನ ಹೆಚ್ಚಿನ ಅರ್ಧಗಂಟೆ, ಪ್ರಯೋಗಶಾಲೆಯ ಸಹಾಯಕನ ಸಹನೆ ಇಂಥವುಗಳ ಮೇಲೆ ನಿಂತಿವೆ. ಅವನನ್ನು ಮುಟ್ಟಲು ಹಿಂಜರಿಯುವ ಕೈ ಅವನ ಕೈಯನ್ನು ಹಿಡಿದು ಸೂಕ್ಷ್ಮದರ್ಶಕದ ತಿರುಪನ್ನು ತೋರಿಸುವುದಿಲ್ಲ. ಹುಟ್ಟಿನ ಅಡ್ಡಿ ದೇಹದ ಅಡ್ಡಿಯ ಪರಿಹಾರವನ್ನೇ ತಡೆಯುತ್ತದೆ. ಇಲ್ಲಿ ಯಥಾಶಕ್ತಿನ್ಯಾಯ ಸಾಲದು. ಮೀಮಾಂಸೆಯಲ್ಲಿ ದೇಹದ ಊನಕ್ಕೆ ಚಿಕಿತ್ಸೆಯನ್ನು ಹೇಳಿದೆ, ದ್ರವ್ಯದ ಅಭಾವಕ್ಕೆ ಪ್ರತಿನಿಧಿಯನ್ನು ಹೇಳಿದೆ. ಹುಟ್ಟಿಗೆ ಮಾತ್ರ ಯಾವ ಪರಿಹಾರವನ್ನೂ ಹೇಳಿಲ್ಲ. ಈ ವಿಷಯದಲ್ಲಿ ನಮಗೆ ಬೇಕಾದವನು ಸೋತ ಬಾದರಿಯೇ ಹೊರತು ಗೆದ್ದ ಜೈಮಿನಿಯಲ್ಲ. ಸಂವಿಧಾನ ಎತ್ತಿಹಿಡಿದಿರುವುದು ಬಾದರಿಯ ಪಕ್ಷವನ್ನು.

ಕಲಿಯಗೊಡದೆ ಕಲಿತಿಲ್ಲವೆನ್ನುವ ಸರಣಿಯನ್ನು ನೆನಪಿಡಬೇಕೆಂದು ಹಿಂದೆ ಹೇಳಿದೆ. ಅದು ಇಂದು ಹತ್ತನೆಯ ತರಗತಿಯ ಕೊನೆಯಲ್ಲಿ ಕಾಣುತ್ತದೆ. ಆಂಧ್ರದ ಮಚಲೀಪಟ್ಟಣದ ಬಳಿಯ ಹಳ್ಳಿಯೊಂದರ ಬಡ ರೈತಕುಟುಂಬದಲ್ಲಿ ಹುಟ್ಟುಕುರುಡರಾಗಿ ಹುಟ್ಟಿದ ಶ್ರೀಕಾಂತ್ ಬೊಲ್ಲಾ ಅವರು ಹತ್ತನೆಯ ತರಗತಿಯ ಬಳಿಕ ವಿಜ್ಞಾನ ಓದಲು ಹೊರಟಾಗ ನಿಯಮ ಅಡ್ಡಬಂದಿತು. ಕುರುಡರಿಗೆ ಕಲಾವಿಷಯಗಳೇ ಗತಿ ಎಂದಾಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿ ಅನುಮತಿ ಪಡೆದು, ಶೇಕಡ ೯೮ ಅಂಕಗಳಿಂದ ಉತ್ತೀರ್ಣರಾಗಿ, ಅಮೆರಿಕದ ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅವರು ಓದಿದರು. ಇದನ್ನು ಒಬ್ಬನ ಸಾಹಸದ ಕಥೆಯಾಗಿ ಕೊಂಡಾಡುವುದು ಸುಲಭ. ಹದಿನೈದು ವರ್ಷದ ಹುಡುಗನಿಗೆ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆಯಲು ನ್ಯಾಯಾಲಯದ ಅಪ್ಪಣೆ ಬೇಕಾಯಿತೆಂಬುದರ ಕಡೆಗೆ ವಿಮರ್ಶೆ ತಿರುಗಬೇಕು. ಆ ಅಪ್ಪಣೆ ಕೇಳಲು ಬೆನ್ನಿಗೆ ನಿಂತ ಗುರುಗಳಿಲ್ಲದೆ, ಹಣವಿಲ್ಲದೆ ಸುಮ್ಮನೆ ಕಲಾವಿಭಾಗಕ್ಕೆ ಹೋದವರ ಲೆಕ್ಕವನ್ನು ಇಟ್ಟವರಿಲ್ಲ.

ನಮ್ಮ ನಾಡಿನಲ್ಲಿಯೂ ಈ ಹಂಚಿಕೆ ಹಳೆಯದು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ, ತಾವು ಸ್ವತಃ ಅಂಧರಾಗಿದ್ದು, ಜಾತಿ ಕೇಳದೆ ಅಂಧ ಬಾಲಕರನ್ನು ಸೇರಿಸಿ ಅನ್ನ ಹಾಕಿ ಸಂಗೀತ ಕಲಿಸಿದರು. ಹುಟ್ಟಿನ ಅಡ್ಡಿಯನ್ನೂ ದೇಹದ ಅಡ್ಡಿಯನ್ನೂ ಒಟ್ಟಿಗೆ ಎದುರಿಸಿದ ವಿದ್ಯಾಸ್ಥಾನವಾಗಿ ಅದರ ಹಿರಿಮೆ ದೊಡ್ಡದು. ಆದರೆ ಉಳಿದ ನಾವು ಅದರಿಂದ ತೆಗೆದ ನಿಗಮನ ಸರಿಯಾದುದಲ್ಲ. ಗವಾಯಿಗಳು ತಮ್ಮಲ್ಲಿದ್ದ ವಿದ್ಯೆಯನ್ನು ಕೊಟ್ಟರು. ಆ ಉದಾಹರಣೆಯನ್ನು ನಾವು ಗಡಿಯಾಗಿ ಮಾಡಿಕೊಂಡು, ಕುರುಡರಿಗೆ ಸಂಗೀತ ಒಗ್ಗುತ್ತದೆ, ಗಣಿತ ಒಗ್ಗುವುದಿಲ್ಲ ಎಂದುಕೊಂಡೆವು. ಅವರ ಆಶ್ರಮದಷ್ಟೇ ಶ್ರದ್ಧೆಯಿಂದ ನಮ್ಮ ವಿಜ್ಞಾನ ಕಾಲೇಜುಗಳು ತಮ್ಮಲ್ಲಿರುವ ವಿದ್ಯೆಯನ್ನು ಕೊಡಬೇಕಾಗಿತ್ತು.

೬

ವಿಧಿವಾಕ್ಯ ನ್ಯಾಯಾಲಯದಲ್ಲಿ ಬಿದ್ದುಹೋದರೂ ಅದರ ಭಾವ ತರಗತಿಯಲ್ಲಿ ಉಳಿದಿರುತ್ತದೆ. ‘ನಿನಗೆ ಪ್ರಯೋಗ ಬೇಡಪ್ಪ, ಪಕ್ಕದವನು ಮಾಡಿದ್ದನ್ನು ಬರೆದುಕೊ, ಅಂಕ ಕೊಡೋಣ’ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಕೆಲವರು ಆಡಿಯೂ ಇದ್ದೇವೆ. ಆಡುವವರು ಅದನ್ನು ದಯೆಯೆಂದೇ ತಿಳಿದಿರುತ್ತಾರೆ. ವಿನಾಯಿತಿಗೂ ಅನುಕೂಲಕ್ಕೂ ಇರುವ ಭೇದವನ್ನು ಈ ಮಾತು ಮರೆಯುತ್ತದೆ. ವಿನಾಯಿತಿಯಲ್ಲಿ ಅಂಗದೊಡನೆ ಪ್ರಧಾನವೂ ಹೋಗುತ್ತದೆ. ಅನುಕೂಲದಲ್ಲಿ ಅಂಗ ಬದಲಾಗಿ ಪ್ರಧಾನ ಉಳಿಯುತ್ತದೆ. ಉಷ್ಣಮಾಪಕದ ಗೆರೆಯನ್ನು ಕಣ್ಣಿನಿಂದ ಓದುವುದು ಅಂಗ. ಉಷ್ಣತೆಯ ಏರಿಳಿತವನ್ನು ಅರಿಯುವುದು ಪ್ರಧಾನ. ಅಂಕೆಯನ್ನು ನುಡಿದು ಹೇಳುವ ಉಷ್ಣಮಾಪಕಗಳಿವೆ. ದ್ರಾವಣದ ಬಣ್ಣ ತಿರುಗಿದುದನ್ನು ಸ್ವರದ ಏರಿಳಿತದಿಂದ ತಿಳಿಸುವ ಬೆಳಕಿನ ಸಾಧನಗಳಿವೆ. ಮಂದವಾಗಿ ಕೇಳುವವರಿಗೆ ಹೃದಯದ ಬಡಿತವನ್ನು ಹೆಚ್ಚಿಸಿ ಕೊಡುವ ಸ್ಟೆತೊಸ್ಕೋಪುಗಳಿವೆ. ಇವೆಲ್ಲ ವ್ರೀಹಿಯ ಸ್ಥಾನದಲ್ಲಿ ಬಂದ ನೀವಾರಗಳು. ಮೂರನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ನೆದರ್ಲೆಂಡ್ಸಿನಿಂದ ಅಮೆರಿಕಕ್ಕೆ ವಲಸೆ ಬಂದ ಕುಟುಂಬದಲ್ಲಿ ಬೆಳೆದ ಜೀವವಿಜ್ಞಾನಿ ಗೀರಟ್ ವೆರ್ಮೆ ಅವರು ಚಿಪ್ಪುಜೀವಿಗಳ ವಿಕಾಸವನ್ನು ಬೆರಳ ತುದಿಯಿಂದಲೇ ಓದಿ ಹೇಳಿದ್ದಾರೆ. ವಿಜ್ಞಾನದಲ್ಲಿ ಪ್ರಧಾನವಾದದ್ದು ಪರಿಶೀಲನೆ. ಅದು ಯಾವ ಇಂದ್ರಿಯದ ಮೂಲಕವೇ ಆಗಬೇಕೆಂಬ ವಿಧಿ ಪ್ರಕೃತಿಯಲ್ಲಿಲ್ಲ.

ಲಿಪಿಕಾರನ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. ಶೇಕಡ ೪೦ರ ಮಿತಿಯನ್ನು ಮುಟ್ಟದಿದ್ದರೂ ಬರೆಯಲು ತೊಂದರೆಯುಳ್ಳವನಿಗೆ ಲಿಪಿಕಾರನನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೨೧ರಲ್ಲಿ ಹೇಳಿತು. ಲಿಪಿಕಾರನು ಕೈಗೆ ಪ್ರತಿನಿಧಿಯೇ ಹೊರತು ಅರಿವಿಗೆ ಅಲ್ಲ, ಯಜಮಾನನಿಗೆ ಪ್ರತಿನಿಧಿಯಿಲ್ಲ. ಆದರೆ ಪ್ರತಿನಿಧಿ ಸದೃಶವಾಗಿರಬೇಕೆಂಬ ನಿಯಮವೂ ಉಂಟಷ್ಟೆ. ವರ್ಗಮೂಲದ ಚಿಹ್ನೆಯನ್ನು ಗುರುತಿಸಲಾರದ, ರಾಸಾಯನಿಕ ಸಮೀಕರಣವನ್ನು ಕೇಳಿ ಬರೆಯಲಾರದ ಲಿಪಿಕಾರನನ್ನು ಕೂರಿಸಿ, ಉತ್ತರ ತಪ್ಪಾಯಿತೆಂದು ವಿದ್ಯಾರ್ಥಿಯನ್ನು ಅನುತ್ತೀರ್ಣಗೊಳಿಸುವುದು ನ್ಯಾಯವಲ್ಲ. ಕನ್ನಡದ ಮೂಲಕ ಓದಿಬಂದ ಹಳ್ಳಿಯ ವಿದ್ಯಾರ್ಥಿಗೆ ಇಂಗ್ಲಿಷಿನಲ್ಲಿ ಬರೆಯುವ ಲಿಪಿಕಾರನೊಡನೆ ಈ ಕಷ್ಟ ಇಮ್ಮಡಿಯಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ವಿಜ್ಞಾನ ವಿದ್ಯೆಗೆ ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ನಾವು ಬಹುಕಾಲ ವಿದ್ಯಾರ್ಥಿಯ ದೇಹವನ್ನೂ ಹುಟ್ಟನ್ನೂ ನೋಡಿ ಬಿಡಿಸಿದೆವು. ವಿದ್ಯೆಯ ಸ್ವರೂಪವನ್ನು ನೋಡಿ ಬಿಡಿಸಲಿಲ್ಲ. ಪ್ರಯೋಗಶಾಲೆಯ ಪುಸ್ತಕದಲ್ಲಿರುವ ಪ್ರತಿಯೊಂದು ಪ್ರಯೋಗದ ಎದುರಿಗೂ, ಇದರಲ್ಲಿ ಪ್ರಧಾನ ಯಾವುದು, ಅಂಗ ಯಾವುದು, ಯಾವ ಅಂಗಕ್ಕೆ ಯಾವ ಪ್ರತಿನಿಧಿ ಸಲ್ಲುತ್ತದೆ ಎಂದು ಅಧ್ಯಾಪಕರು ಒಮ್ಮೆ ಕುಳಿತು ಬರೆದಿಟ್ಟರೆ, ಅದು ಯಾವ ಸುತ್ತೋಲೆಗೂ ಕಾಯಬೇಕಾದ ಕೆಲಸವಲ್ಲ. ಒಂದು ಕಾಲೇಜಿನ ಒಂದು ವಿಭಾಗ ಒಂದು ಬೇಸಗೆಯ ರಜೆಯಲ್ಲಿ ಅದನ್ನು ಮುಗಿಸಬಹುದು. ಮುಂದಿನ ಜೂನಿನಲ್ಲಿ ಬಾಗಿಲಿಗೆ ಬರುವ ವಿದ್ಯಾರ್ಥಿಗೆ, ಅವನ ಕೈಯನ್ನು ಅಳೆಯುವ ಮೊದಲು, ಆ ಪಟ್ಟಿಯನ್ನು ತೋರಿಸಬಹುದು.